ಅಂಬ್ಲಿಗೊಳದ ಏರಿಯೂ ಮಂದ್ರದ ನಾದವೂ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರಿನ ದಾರಿ. ಮಲೆನಾಡಿನ ದಟ್ಟ ಕಾಡು ಇಲ್ಲಿ ಮೆಲ್ಲಗೆ ಹಿಂದೆ ಸರಿಯುತ್ತದೆ. ಬಯಲುಸೀಮೆಯಾದರೋ ಇನ್ನೂ ಪೂರ್ತಿಯಾಗಿ ಎದುರುಗೊಂಡಿರುವುದಿಲ್ಲ. ಎರಡರ ಗುಣವನ್ನೂ ಸ್ವಲ್ಪ ಸ್ವಲ್ಪವೇ ಎರವಲು ಪಡೆದ ಅರೆಮಲೆನಾಡು ಇದು. ಒಂದು ಕಡೆ ಅಡಿಕೆಯ ತೋಟ, ಇನ್ನೊಂದು ಕಡೆ ಭತ್ತದ ಗದ್ದೆ, ದಿಣ್ಣೆಯ ಮೇಲೆ ಮೆಕ್ಕೆಜೋಳ; ಇವುಗಳ ನಡುವೆ ಅಲ್ಲಲ್ಲಿ ಆಕಾಶವನ್ನು ಹಿಡಿದಿಟ್ಟುಕೊಂಡಂತೆ ಮಲಗಿರುವ ಕೆರೆಗಳು. ಶಿಕಾರಿಪುರ, ಸೊರಬಗಳ ಈ ಸೀಮೆಯಲ್ಲಿ ಅಂಬ್ಲಿಗೊಳವೆಂಬ ಹೆಸರು ಹೇಳಿದೊಡನೆ ಜನರ ಮನಸ್ಸಿಗೆ ಬರುವುದು ಅಲ್ಲಿನ ಜಲಾಶಯ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿತ್ತೆಂದರೆ ಸುತ್ತಲಿನ ರೈತರಿಗೆ ಅದೊಂದು ಶುಭವಾರ್ತೆ.

ಈ ನಾಡಿಗೆ ಏರಿ ಕಟ್ಟಿ ನೀರು ನಿಲ್ಲಿಸುವ ವಿದ್ಯೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ ಸ್ತಂಭಶಾಸನವು ಕದಂಬರ ವಂಶವೃತ್ತಾಂತವನ್ನು ಹೇಳುವುದೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ 5ನೆಯ ಶತಮಾನದ ಆ ಶಾಸನದ ಒಂದು ಮುಖ್ಯ ಉದ್ದೇಶ, ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದನೆಂಬುದನ್ನು ಲೋಕಕ್ಕೆ ತಿಳಿಸುವುದು. ಕುಬ್ಜನೆಂಬ ಕವಿ ಅಷ್ಟೊಂದು ಬಿರುದುಬಾವಲಿಗಳ ಕೊನೆಗೆ ಕೆರೆಯ ಮಾತಿಗೆ ಬಂದು ನಿಲ್ಲುತ್ತಾನೆ. ಹದಿನೈದು ಶತಮಾನಗಳ ಹಿಂದೆಯೂ ಇಲ್ಲಿ ದೊರೆಯ ದೊಡ್ಡಸ್ತಿಕೆಗೆ ನಿಂತ ನೀರೇ ಅಳತೆಗೋಲಾಗಿತ್ತು.

ಸಂಜೆಯ ಹೊತ್ತಿಗೆ ಅಂಬ್ಲಿಗೊಳದಂಥ ಜಲಾಶಯದ ಏರಿಯ ಮೇಲೆ ನಿಂತವರಿಗೆ ಮೊದಲು ದೊರೆಯುವುದು ನಿಶ್ಶಬ್ದ. ಪಟ್ಟಣದಿಂದ ಬಂದವರಿಗೆ ಇದು ಶೂನ್ಯವೆಂದೇ ತೋರೀತು. ಸ್ವಲ್ಪ ಹೊತ್ತು ಕಳೆದರೆ ಆ ಶೂನ್ಯ ತುಂಬತೊಡಗುತ್ತದೆ. ನೀರು ಕಲ್ಲಿಗೆ ತಾಗುವ ಸದ್ದು, ಕೀಟಗಳ ಚೀರು, ಗೂಡಿಗೆ ಮರಳುವ ಹಕ್ಕಿಗಳ ಕರೆ. ದೂರದ ಹಳ್ಳಿಯಲ್ಲಿ ಉತ್ಸವವೇನಾದರೂ ಇದ್ದರೆ ಇವೆಲ್ಲದರ ಅಡಿಯಿಂದ ಇನ್ನೊಂದು ನಾದ ಬರುತ್ತದೆ. ಹಾಡು ಕೇಳಿಸದು, ತಾಳದ ಕಿಣಿಕಿಣಿ ಕೇಳಿಸದು. ಡೊಳ್ಳಿನ ಗುಡುಗು ಮಾತ್ರ ಗಾಳಿಯ ಮೇಲೆ ನಡೆದುಬಂದಂತೆ ಬರುತ್ತದೆ. ಎತ್ತರದ ಸ್ವರಗಳನ್ನು ಗಾಳಿ, ಗಿಡ, ಮರಗಳು ಬೇಗನೆ ನುಂಗಿಬಿಡುತ್ತವೆ. ಮಂದ್ರದ ದನಿ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಊರಿನ ಸುದ್ದಿಯನ್ನು ಹೊತ್ತು ಮೊದಲು ಬರುವುದೂ ಅದೇ, ಕೊನೆಗೆ ಅಡಗುವುದೂ ಅದೇ.

ಇಂದಿನ ತರುಣರಿಗೆ ಈ ಮಂದ್ರದ ಹಂಬಲ ಇನ್ನೊಂದು ರೂಪದಲ್ಲಿ ಬಂದಿದೆ. ಬೆಂಗಳೂರಿನ ಕಾಲೇಜಿನಿಂದಲೋ ಕಛೇರಿಯಿಂದಲೋ ರಜೆಗೆ ಊರಿಗೆ ಬರುವ ಹುಡುಗ ಹುಡುಗಿಯರ ಕೊರಳಲ್ಲಿ ಹೆಡ್‌ಫೋನು ತೂಗುತ್ತಿರುತ್ತದೆ. ಅದರೊಳಗೆ ಹಲವರಿಗೆ ರಾಕ್ ಸಂಗೀತ. ಅವರವರಲ್ಲಿ ನಡೆಯುವ ಚರ್ಚೆಯೂ ಒಂದೇ: ಯಾವ ಹೆಡ್‌ಫೋನಿನಲ್ಲಿ ‘ಬೇಸ್’ ಚೆನ್ನಾಗಿದೆ? ಹಿರಿಯರಿಗೆ ಇದು ಹುಡುಗಾಟವಾಗಿ ಕಾಣುವುದು ಸಹಜ. ಆದರೆ ಈ ಸೀಮೆಯ ಪೂರ್ವಕಥೆಯನ್ನು ಬಲ್ಲವರು ಹಾಗೆನ್ನಲಾರರು.

ಮದ್ದಳೆಯವರ ನೆಲ

ಶಿರಾಳಕೊಪ್ಪದ ಮಗ್ಗುಲಲ್ಲೇ ಬಳ್ಳಿಗಾವಿ ಇದೆ. ಚಾಲುಕ್ಯರ ಕಾಲದಲ್ಲಿ ಮಹಾಪಟ್ಟಣವಾಗಿ ಮೆರೆದ ಊರು ಇಂದು ಶಾಂತವಾದ ಹಳ್ಳಿ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು ಮಾತ್ರ ಹಳೆಯ ಸಿರಿಯನ್ನು ಸಾರುತ್ತ ನಿಂತಿವೆ. 12ನೆಯ ಶತಮಾನದ ಅಲ್ಲಮಪ್ರಭು ಹುಟ್ಟಿದ ಊರಿದು. ಹರಿಹರನ ರಗಳೆಯಲ್ಲಿ ಅಲ್ಲಮನು ದೇವಾಲಯದಲ್ಲಿ ಮದ್ದಳೆ ಬಾರಿಸುವವನು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅವನ ಮದ್ದಳೆ ಕೇಳಿಬರುವುದು ಬನವಾಸಿಯಲ್ಲಿ, ಮಾಯಾದೇವಿಯ ನಾಟ್ಯಕ್ಕೆ. ಬನವಾಸಿಯೂ ಸೊರಬಕ್ಕೆ ದೂರವಲ್ಲ. ಶೂನ್ಯಸಿಂಹಾಸನವನ್ನೇರಿದ ಮಹಾನುಭಾವಿಯನ್ನು ಕನ್ನಡದ ಕವಿಗಳು ಮೊದಲು ಕಂಡದ್ದು ಚರ್ಮವಾದ್ಯದ ಮುಂದೆ ಎಂಬುದು ಗಮನಿಸತಕ್ಕ ಸಂಗತಿ.

ಮದ್ದಳೆ ದೇವಾಲಯದ್ದಾದರೆ ಡೊಳ್ಳು ಬಯಲಿನದು. ಬೀರಲಿಂಗನ ಒಕ್ಕಲಾದ ಹಾಲುಮತದ ಕುರುಬರು ಪರಂಪರೆಯಿಂದ ಉಳಿಸಿಕೊಂಡು ಬಂದ ವಾದ್ಯವಿದು. ಮರದ ದೊಡ್ಡ ಪೀಪಾಯಿಯಂತಹ ಒಡಲು. ಎರಡು ಬಾಯಿಗೂ ಬಿಗಿದ ಚರ್ಮ. ಒಂದು ಮುಖಕ್ಕೆ ಕೋಲಿನ ಏಟು, ಇನ್ನೊಂದಕ್ಕೆ ಅಂಗೈಯ ಏಟು. ಕೋಲಿನ ಏಟು ಸಿಡಿಯುತ್ತದೆ. ಅಂಗೈಯ ಏಟು ಉರುಳುತ್ತದೆ. ಚರ್ಮದ ಹರವು ದೊಡ್ಡದಾದಷ್ಟೂ ಅದರ ಕಂಪನ ನಿಧಾನ. ಕಂಪನ ನಿಧಾನವಾದಷ್ಟೂ ದನಿ ಗಂಭೀರ. ಒಡಲೊಳಗೆ ಸೆರೆಯಾದ ಗಾಳಿಯೂ ಚರ್ಮದೊಡನೆ ಕಂಪಿಸಿ ಆ ದನಿಗೆ ಮೈ ಕೊಡುತ್ತದೆ. ಹತ್ತಾರು ಡೊಳ್ಳುಗಳು ಒಮ್ಮೆಗೇ ಮೊಳಗಿದಾಗ ಕೇಳುವುದು ಕಿವಿಯೊಂದೇ ಅಲ್ಲ. ಎದೆಯ ಗೂಡು ಕೇಳುತ್ತದೆ, ಅಂಗಾಲು ಕೇಳುತ್ತದೆ.

ಹೀಗೆ ಮಂದ್ರದ ಸುಖವನ್ನು ಬಲ್ಲ ನೆಲದಲ್ಲಿ ಹುಟ್ಟಿದವರು ಹೆಡ್‌ಫೋನಿನಲ್ಲಿಯೂ ಅದನ್ನೇ ಅರಸಿದರೆ ಆಶ್ಚರ್ಯವೇನು?

ಮರದ ಪೆಟ್ಟಿಗೆಯಿಂದ ಕಿವಿಬಟ್ಟಲಿಗೆ

ಮನೆಯೊಳಗಿನ ಸಂಗೀತಕ್ಕೆ ಮಂದ್ರವು ಸಿಕ್ಕಿದ್ದು, ಕೈ ತಪ್ಪಿದ್ದು, ಮತ್ತೆ ಸಿಕ್ಕಿದ್ದು ಒಂದು ಸ್ವಾರಸ್ಯವಾದ ಕಥೆ. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆ ಕಾಲದ ರೇಡಿಯೊ ಎಂದರೆ ಮರದ ದೊಡ್ಡ ಪೆಟ್ಟಿಗೆ. ಒಳಗೆ ಅಗಲವಾದ ಕಾಗದದ ಶಂಕು, ಅದರ ಸುತ್ತ ಧಾರಾಳವಾದ ಗಾಳಿ. ಮೃದಂಗದ ತೊಪ್ಪಿಯ ದನಿ ಅದರಲ್ಲಿ ದುಂಡಗೆ ಕೇಳುತ್ತಿತ್ತು. 1965ರಲ್ಲಿ ಭದ್ರಾವತಿಗೂ ಆಕಾಶವಾಣಿ ಬಂದಿತು. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರು ಬಂದು, ರೇಡಿಯೊ ಗದ್ದೆಯ ಬದುವಿನವರೆಗೂ ನಡೆಯುವಂತಾಯಿತು. ಆದರೆ ಅಂಗೈಯಗಲದ ಆ ಪೆಟ್ಟಿಗೆಯಲ್ಲಿ ಮಂದ್ರಕ್ಕೆ ಸ್ಥಳವೆಲ್ಲಿ? ಹಾಡು ಹಗುರಾಯಿತು, ಅದರ ತಳ ಹಾರಿಹೋಯಿತು.

ಆದರೂ ಜನ ಕೇಳಿದರು, ಸಂತೋಷಪಟ್ಟರು. ಇದಕ್ಕೆ ಕಾರಣ ಕಿವಿಯ ಹಿಂದಿರುವ ಮಿದುಳಿನ ಚಾತುರ್ಯ. ಯಾವುದೇ ಸ್ವರದ ಸಂಗಡ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳು ಹೊರಡುತ್ತವೆ. ತಳದ ಸ್ವರ ಕಾಣೆಯಾದರೂ ಈ ಉಪಸ್ವರಗಳ ಆಧಾರದಿಂದ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಇಂದಿನ ಮೊಬೈಲು ಫೋನಿನ ಹೊರಧ್ವನಿಯಲ್ಲಿಯೂ ನಡೆಯುವುದು ಇದೇ ಊಹೆ. ಸ್ವರವೇನೋ ತಿಳಿಯುತ್ತದೆ, ತೂಕ ತಿಳಿಯದು. ಊಟದ ವಾಸನೆ ಬಂದು ತುತ್ತು ಮಾತ್ರ ಬಾಯಿಗೆ ಬಾರದಂತೆ.

ಆ ತೂಕವನ್ನು ಹೆಡ್‌ಫೋನು ಹಿಂದಕ್ಕೆ ತಂದುಕೊಟ್ಟಿತು. 1910ರ ಸುಮಾರಿನಲ್ಲಿ ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್ವಿನ್ ಎಂಬುವನು ತನ್ನ ಅಡಿಗೆಮನೆಯಲ್ಲಿ ಕುಳಿತು ಜೋಡಿಸಿದ ಹೆಡ್‌ಫೋನುಗಳನ್ನು ಅಲ್ಲಿನ ನೌಕಾಪಡೆ ಕೊಂಡುಕೊಂಡಿತು. ಅವು ನಿಸ್ತಂತು ವಾರ್ತೆಗೆ, ಸಂಗೀತಕ್ಕಲ್ಲ. 1937ರಲ್ಲಿ ಜರ್ಮನಿಯ ಬೇಯರ್ ಕಂಪೆನಿ, ಸುರುಳಿಯನ್ನು ಕಾಂತದ ನಡುವೆ ಕಂಪಿಸುವಂತೆ ಮಾಡಿದ ಹೊಸ ಬಗೆಯ ಹೆಡ್‌ಫೋನನ್ನು ಹೊರತಂದಿತು. 1958ರಲ್ಲಿ ಜಾನ್ ಕಾಸ್ ಎಂಬುವನು ಎರಡು ಕಿವಿಗೂ ಬೇರೆ ಬೇರೆ ದನಿ ಕೊಡುವ ಸಂಗೀತದ ಹೆಡ್‌ಫೋನನ್ನು ಬಳಕೆಗೆ ತಂದನು. 1979ರಲ್ಲಿ ಸೋನಿ ಕಂಪೆನಿಯ ವಾಕ್‌ಮನ್ ಬಂದಮೇಲೆ ಸಂಗೀತ ದಾರಿಹೋಕರ ಸಂಗಾತಿಯಾಯಿತು. ಇಂದು ಅಂಬ್ಲಿಗೊಳದ ಏರಿಯ ಮೇಲೆ ಕಾಣುವ ಹೆಡ್‌ಫೋನು ಈ ವಂಶದ್ದೇ.

ಏರಿ ಒಡೆದ ಹಾಡು

ರಾಕ್ ಸಂಗೀತದ ಬೆನ್ನೆಲುಬು ಎರಡು. ಒಂದು, 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಮಾದರಿಯಿಂದ ಪ್ರಚಾರಕ್ಕೆ ಬಂದ ವಿದ್ಯುತ್ ಬೇಸ್ ಗಿಟಾರು. ಅದರ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದು ತಂತಿಯ ಗಿಟಾರಿನಲ್ಲಾದರೆ 31 ಸಲ. ಇನ್ನೊಂದು, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು. ಮನುಷ್ಯನ ಕಿವಿಗೆ ಕೇಳುವ ದನಿಗಳ ಕೆಳಗಿನ ಗಡಿಯೇ ಸುಮಾರು 20 ಕಂಪನ. ಎಂದಮೇಲೆ ರಾಕ್ ಸಂಗೀತವು ಕಿವಿಯ ನೆಲಮಾಳಿಗೆಯಲ್ಲಿ ಮನೆ ಮಾಡಿಕೊಂಡಿದೆ ಎನ್ನಬಹುದು.

ಈ ಸಂಗೀತದಲ್ಲಿ ಡ್ರಮ್ಮಿನ ಗಂಭೀರ ನಾದಕ್ಕೆ ಹೆಸರಾದ ಒಂದು ಹಾಡಿನ ವಿಷಯ ಅಂಬ್ಲಿಗೊಳದಂಥ ಊರಿಗೆ ಪರಕೀಯವೆನಿಸದು. ಅದು ನೀರಿನ ಏರಿ ಒಡೆಯುವುದರ ಹಾಡು. 1927ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿ ಉಕ್ಕಿ, ಅದನ್ನು ತಡೆದಿದ್ದ ಏರಿಗಳು ಒಡೆದು, ಲಕ್ಷಾಂತರ ಜನ ಮನೆಮಠ ಕಳೆದುಕೊಂಡರು. ಎರಡು ವರ್ಷಗಳ ತರುವಾಯ ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ ಎಂಬ ನೀಗ್ರೋ ಗಾಯಕ ದಂಪತಿಗಳು ಆ ದುಃಖವನ್ನು ಎರಡು ಗಿಟಾರುಗಳ ಸರಳ ಹಾಡಾಗಿ ಧ್ವನಿಮುದ್ರಿಸಿದರು. 1971ರಲ್ಲಿ ಇಂಗ್ಲೆಂಡಿನ ಲೆಡ್ ಜೆಪ್ಲಿನ್ ತಂಡ ತನ್ನ ನಾಲ್ಕನೆಯ ಸಂಪುಟದಲ್ಲಿ ಅದನ್ನೇ ಹೊಸದಾಗಿ ಹಾಡಿತು. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಬಂಗಲೆಯಲ್ಲಿ ಎತ್ತರವಾದ ಮೆಟ್ಟಿಲ ಸಾಲಿನ ಬುಡದಲ್ಲಿ ಜಾನ್ ಬಾನಂನ ಡ್ರಮ್ಮುಗಳನ್ನಿರಿಸಿ, ಮೈಕುಗಳನ್ನು ಮೇಲಿನ ಅಂತಸ್ತಿನಲ್ಲಿ ಇಟ್ಟರು. ಮನೆಯ ಪೊಳ್ಳೆಲ್ಲ ಡೊಳ್ಳಿನ ಒಡಲಾಯಿತು. ಏಟು ಬಿದ್ದಾಗ ಮನೆಯೇ ಉಸಿರಾಡಿದಂತೆ ಕೇಳುತ್ತದೆ.

ಏರಿ ಒಡೆದಾಗಿನ ಭೀತಿಯನ್ನು ಆ ಹಾಡಿನಲ್ಲಿ ಹೇಳುವುದು ಮಾತಿಗಿಂತ ಹೆಚ್ಚಾಗಿ ಮಂದ್ರ. ಕನ್ನಡದ ಹೆಣ್ಣುಮಕ್ಕಳ ‘ಕೆರೆಗೆ ಹಾರ’ದ ಕಥೆಯಲ್ಲಿ ಕೆರೆಗೆ ನೀರೇ ಬಾರದು, ಅದಕ್ಕಾಗಿ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಅಲ್ಲಿ ನೀರು ಹೆಚ್ಚಾದ ಸಂಕಟ, ಇಲ್ಲಿ ನೀರಿಲ್ಲದ ಸಂಕಟ. ಎರಡು ಕಡೆಯೂ ಏರಿಯ ಬದಿಯಲ್ಲಿ ಬಾಳುವವರ ಹಾಡು.

ಕರ್ನಾಟಕಕ್ಕೂ ಈ ಸಂಗೀತದ ನಂಟು ಗಟ್ಟಿಯಾಗಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚಿಯಲ್ಲಿ ಐರನ್ ಮೇಡನ್ ತಂಡವೂ, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡವೂ ಹಾಡಿದುವು. 2008ರಲ್ಲಿ ಹೊರಬಂದ ರಘು ದೀಕ್ಷಿತರ ಮೊದಲ ಸಂಪುಟದಲ್ಲಿ ಶಿಶುನಾಳ ಷರೀಫರ ಪದ ಗಿಟಾರು ಡ್ರಮ್ಮುಗಳ ಜೊತೆಗೂಡಿತು. ಶಿಶುನಾಳವಿರುವುದು ಶಿವಮೊಗ್ಗ ಜಿಲ್ಲೆಗೆ ಹೊಂದಿಕೊಂಡ ಹಾವೇರಿ ಜಿಲ್ಲೆಯಲ್ಲಿ. ಅಜ್ಜ ಏಕತಾರಿಯ ಜೊತೆ ಕೇಳಿದ ಪದವನ್ನು ಮೊಮ್ಮಗ ಬೇಸ್ ಗಿಟಾರಿನ ಜೊತೆ ಕೇಳುವಂತಾಯಿತು.

ಕಿವಿಗೂ ಒಂದು ಏರಿ

ಇಷ್ಟು ಕೆಳಗಿನ ದನಿ ಅಷ್ಟು ಪುಟ್ಟ ಉಪಕರಣದಿಂದ ಹೇಗೆ ಬರುವುದು? 41 ಕಂಪನದ ಸ್ವರದ ಒಂದು ಅಲೆ ಗಾಳಿಯಲ್ಲಿ ಸುಮಾರು 8 ಮೀಟರು ಉದ್ದ. ಒಂದು ದೊಡ್ಡ ಹಜಾರದಷ್ಟು. ಅಂಥ ಅಲೆಯನ್ನು ಬಯಲಿಗೆ ಎಬ್ಬಿಸಬೇಕಾದರೆ ಡೊಳ್ಳಿನಷ್ಟು ದೊಡ್ಡ ಚರ್ಮ ಬೇಕು. ಹೆಡ್‌ಫೋನು ಅಲೆಯನ್ನು ಬಯಲಿಗೆ ಬಿಡುವುದೇ ಇಲ್ಲ. ಕಿವಿಯ ಮೇಲೆ ಕುಳಿತ ಬಟ್ಟಲಿನಲ್ಲಿ ಸೆರೆಸಿಕ್ಕ ಚಿಟಿಕೆಯಷ್ಟು ಗಾಳಿಯನ್ನು ಅದರ ತೆಳುಪೊರೆ ಒತ್ತುತ್ತದೆ, ಸೆಳೆಯುತ್ತದೆ. ಆ ಒತ್ತಡವೇ ನೇರವಾಗಿ ಕಿವಿದೆರೆಯನ್ನು ಮುಟ್ಟಿ ಮಂದ್ರವಾಗಿ ಕೇಳುತ್ತದೆ.

ಆದುದರಿಂದ ಹೆಡ್‌ಫೋನಿನ ಮಂದ್ರವೆಲ್ಲ ನಿಂತಿರುವುದು ಒಂದೇ ಸಂಗತಿಯ ಮೇಲೆ. ಗಾಳಿ ಸೋರಬಾರದು. ಬಟ್ಟಲಿನ ಮೆತ್ತೆಗೂ ಕೆನ್ನೆಗೂ ನಡುವೆ ಒಂದು ಎಳೆಯಷ್ಟು ಸಂದಿ ಬಿದ್ದರೂ ಮೊದಲು ಹೊರಟುಹೋಗುವುದು ಮಂದ್ರ. ಎತ್ತರದ ಸ್ವರಗಳು ಏನೂ ಆಗದವರಂತೆ ಉಳಿದುಕೊಳ್ಳುತ್ತವೆ. ಏರಿಯಲ್ಲಿ ಸಣ್ಣ ಬಿಲವೊಂದು ಬಿದ್ದರೆ ಜಲಾಶಯ ಬರಿದಾಗುವುದು ಹೇಗೋ ಹಾಗೆ. ಹೆಚ್ಚು ಹಣ ಕೊಟ್ಟು ತಂದ ಹೆಡ್‌ಫೋನಿನಲ್ಲಿ ಬೇಸ್ ಇಲ್ಲವೆಂದು ದೂರುವವರಲ್ಲಿ ಅನೇಕರ ತೊಂದರೆ ಉಪಕರಣದ್ದಲ್ಲ, ಸಂದಿಯದು.

ಕನ್ನಡಕದ ಕಡ್ಡಿ ಈ ಸಂದಿಗೆ ಮೊದಲ ಕಾರಣ. ಕಿವಿಯ ಮುಂದೆ ಇಳಿಬಿದ್ದ ಕೂದಲು ಎರಡನೆಯದು. ದೊಡ್ಡ ಓಲೆ ಜುಮುಕಿಗಳು ಮೂರನೆಯದು. ಕಿವಿಯೊಳಕ್ಕೆ ತೂರುವ ಬಗೆಯವುಗಳೊಡನೆ ಸಾಮಾನ್ಯವಾಗಿ ರಬ್ಬರಿನ ಮೂರು ಅಳತೆಯ ಟೋಪಿಗಳು ಬರುತ್ತವೆ. ಹೆಚ್ಚಿನವರು ಮಧ್ಯದ ಅಳತೆಯನ್ನು ಹಾಗೆಯೇ ಬಳಸಿ ಉಳಿದೆರಡನ್ನು ಡಬ್ಬಿಯಲ್ಲಿ ಮರೆಯುತ್ತಾರೆ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಮಲೆನಾಡಿನ ತೇವದಲ್ಲಿ ಕೃತಕ ಚರ್ಮದ ಮೆತ್ತೆಗಳು ಬೇಗ ಸುಲಿದುಹೋಗುತ್ತವೆ. ಮೆತ್ತೆ ಹರಿದರೆ ಮಂದ್ರವೂ ಹರಿಯಿತು. ಮೆತ್ತೆಯನ್ನು ಬದಲಿಸಲು ಬರುವಂಥದನ್ನೇ ಕೊಳ್ಳುವುದು ಜಾಣತನ.

ಆರಿಸುವ ಬಗೆ

ಹೆಡ್‌ಫೋನುಗಳಲ್ಲಿ ಬೆನ್ನು ಮುಚ್ಚಿದವು, ಬೆನ್ನು ತೆರೆದವು ಎಂದು ಎರಡು ಜಾತಿ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿ ತಂದ ತೆರೆದ ಬೆನ್ನಿನ ಹೆಡ್‌ಫೋನು ಬಹಳ ಪ್ರಸಿದ್ಧವಾಯಿತು. ಅಂಥವುಗಳಲ್ಲಿ ಸಂಗೀತ ವಿಶಾಲವಾಗಿ, ಸಹಜವಾಗಿ ಕೇಳುತ್ತದೆ. ಆದರೆ ಮಂದ್ರದ ಒತ್ತಡ ಹಿಂಬದಿಯಿಂದ ಸೋರುತ್ತದೆ, ಹೊರಗಿನ ಗದ್ದಲ ಒಳಕ್ಕೆ ಬರುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ವೀಣೆ ಕೇಳುವವರಿಗೆ ಅದು ಸೊಗಸು. ರಾಕ್ ಸಂಗೀತದ ಎದೆಗುದ್ದನ್ನು ಬಯಸುವವರಿಗೆ ಕಿವಿಯನ್ನು ಪೂರ್ತಿಯಾಗಿ ಸುತ್ತುವರಿಯುವ, ಬೆನ್ನು ಮುಚ್ಚಿದ ಹೆಡ್‌ಫೋನೇ ವಾಸಿ. ಬಿಗಿಯಾಗಿ ಕೂರುವ ಒಳಗಿವಿಯ ಬಗೆಯೂ ಮಂದ್ರದಲ್ಲಿ ಇದಕ್ಕೆ ಸೋಲದು. ಕಿವಿಯ ಮೇಲೆ ಬರಿದೆ ಒರಗಿ ಕೂರುವ ಸಣ್ಣ ಬಟ್ಟಲುಗಳು ಈ ಕೆಲಸಕ್ಕೆ ಅಷ್ಟಾಗಿ ಒದಗವು.

ತಂತಿಯ ಹೆಡ್‌ಫೋನು ಕೊಳ್ಳುವವರು ಅದರ ಓಂ ಸಂಖ್ಯೆಯನ್ನು ನೋಡತಕ್ಕದ್ದು. ಬೇಯರ್‌ಡೈನಾಮಿಕ್ ಕಂಪೆನಿಯ ಡಿಟಿ 770 ಎಂಬ ಒಂದೇ ಮಾದರಿ 32, 80, 250 ಓಂಗಳಲ್ಲಿ ದೊರೆತಿದೆ. 32ರದ್ದನ್ನು ಮೊಬೈಲು ಫೋನು ಸುಲಭವಾಗಿ ನುಡಿಸುತ್ತದೆ. 250ರದ್ದಕ್ಕೆ ಬೇರೆ ಆಂಪ್ಲಿಫೈಯರು ಬೇಕಾದೀತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಬೇಸಿನ ಹೊಗಳಿಕೆಗೂ, ಪೊರೆಯ ಮಿಲಿಮೀಟರಿನ ಅಳತೆಗೂ ಮರುಳಾಗಬೇಕಾದುದಿಲ್ಲ. ಡೊಳ್ಳು ದೊಡ್ಡದಾದ ಮಾತ್ರಕ್ಕೆ ಬಾರಿಸುವವನು ಗಟ್ಟಿಗನಾಗುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವುದಕ್ಕೆ ಚೆನ್ನಾಗಿ ಪರಿಚಯವಿರುವ ಒಂದು ಹಾಡು ಸಾಕು. ಮೊದಲು ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಬೇಕು. ಸ್ವರದಿಂದ ಸ್ವರಕ್ಕೆ ಅದು ನಡೆಯುವ ಹೆಜ್ಜೆಗಳು ಬೇರೆ ಬೇರೆಯಾಗಿ ತಿಳಿದರೆ ಒಳ್ಳೆಯದು. ಎಲ್ಲವೂ ಒಂದೇ ಗುಂಯ್‌ಗುಡುವಿಕೆಯಾದರೆ ಅದು ಮಂದ್ರವಲ್ಲ, ಮಬ್ಬು. ಎರಡನೆಯದಾಗಿ, ದೊಡ್ಡ ಡ್ರಮ್ಮಿನ ಏಟು ಬಿದ್ದು ಅಲ್ಲಿಗೇ ನಿಲ್ಲಬೇಕು, ಬಾಲ ಎಳೆಯಬಾರದು. ಮೂರನೆಯದಾಗಿ, ಅಷ್ಟೆಲ್ಲ ಗುಡುಗಿನ ನಡುವೆಯೂ ಹಾಡುವವನ ಮಾತು ಸ್ಪಷ್ಟವಾಗಿರಬೇಕು. ಕೊನೆಯದಾಗಿ ಬಟ್ಟಲುಗಳನ್ನು ಎರಡು ಕೈಯಿಂದ ಮೆಲ್ಲಗೆ ಒತ್ತಿ ನೋಡಬೇಕು. ಒತ್ತಿದೊಡನೆ ಮಂದ್ರ ಧುಮ್ಮಿಕ್ಕಿದರೆ, ಒತ್ತದೆ ಇದ್ದಾಗ ಅದು ಸೋರುತ್ತಿತ್ತೆಂದು ಅರ್ಥ. ಆ ತಲೆಗೆ ಆ ಹೆಡ್‌ಫೋನು ಸಲ್ಲದು.

ಮಂದ್ರ ಎಷ್ಟಿದ್ದರೆ ತೃಪ್ತಿ? 2010ರ ದಶಕದಲ್ಲಿ ಅಮೆರಿಕದ ಹರ್ಮನ್ ಕಂಪೆನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಅನೇಕ ಜನರನ್ನು ಕೂರಿಸಿ ಈ ಪ್ರಶ್ನೆಯನ್ನು ಪರೀಕ್ಷಿಸಿದರು. ಹೆಚ್ಚಿನವರಿಗೆ ಹಿಡಿಸಿದ್ದು, ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನ ದನಿಯನ್ನು ಹೋಲುವಂತೆ, ತಳವನ್ನು ಸ್ವಲ್ಪ ಎತ್ತಿದ ಹೆಡ್‌ಫೋನು. ಬೆಟ್ಟದಷ್ಟು ಎತ್ತಿದ್ದಲ್ಲ. ಸಾರಿಗೆ ಉಪ್ಪಿದ್ದಂತೆ ಮಂದ್ರ: ಸಾಲದಿದ್ದರೆ ಸಪ್ಪೆ, ಮೀರಿದರೆ ತಿನ್ನಲಾಗದು.

ಬಸ್ಸಿನ ಗದ್ದಲ

ಹೆಡ್‌ಫೋನನ್ನು ಎಲ್ಲಿ ಕೇಳುವುದೆಂಬ ಪ್ರಶ್ನೆ ಯಾವುದನ್ನು ಕೊಳ್ಳುವುದೆಂಬುದಕ್ಕಿಂತ ಸಣ್ಣದಲ್ಲ. ಅಂಬ್ಲಿಗೊಳದ ಏರಿಯ ಮೇಲೆ ಸಂಜೆ ಸಾಧಾರಣ ಹೆಡ್‌ಫೋನೂ ತುಂಬಿ ನುಡಿಯುತ್ತದೆ. ಅದೇ ಹೆಡ್‌ಫೋನು, ಅದೇ ಹಾಡು, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಬಡಕಲಾಗುತ್ತದೆ. ಬಸ್ಸಿನ ಎಂಜಿನ್ನು, ಚಕ್ರಗಳು ಎಬ್ಬಿಸುವ ಮೊರೆತವೂ ಮಂದ್ರದ್ದೇ. ಅದು ಸಂಗೀತದ ಮಂದ್ರವನ್ನು ಮುಚ್ಚಿಬಿಡುತ್ತದೆ.

ಆಗ ತರುಣನ ಹೆಬ್ಬೆರಳು ತಾನಾಗಿ ದನಿಯ ಗುಂಡಿಯ ಕಡೆಗೆ ಹೋಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಸದ್ದು ಮೆಲ್ಲಗಿರುವಾಗ ಕಿವಿ ಮಂದ್ರವನ್ನು ಬಹಳ ಕಡಮೆಯಾಗಿ ಗ್ರಹಿಸುತ್ತದೆ. ಸದ್ದು ಏರಿದಂತೆಲ್ಲ ಮಂದ್ರ ತುಂಬಿಬರುತ್ತದೆ. ದನಿ ಏರಿಸಿದೊಡನೆ ಹೆಡ್‌ಫೋನು ಉತ್ತಮವಾದಂತೆ ಭಾಸವಾಗುವುದು ಇದರಿಂದಲೇ. ಉತ್ತಮವಾದದ್ದು ಹೆಡ್‌ಫೋನಲ್ಲ, ಅಪಾಯ ಹತ್ತಿರವಾಯಿತು, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್ ಮಟ್ಟದ ಸದ್ದು ಮಿತಿ, ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲ ಅರ್ಧಕ್ಕಿಳಿಯುತ್ತದೆ. 83 ಡೆಸಿಬೆಲಿಗೆ 20 ಗಂಟೆ, 86ಕ್ಕೆ 10. ಬಸ್ಸಿನ ಗದ್ದಲವನ್ನು ಮೀರಿಸುವಂತೆ ದನಿ ಏರಿಸಿಕೊಂಡು ರಾತ್ರಿಯೆಲ್ಲ ಪ್ರಯಾಣ ಮಾಡುವವನು ವಾರದ ಪಾಲನ್ನೆಲ್ಲ ಒಂದೇ ರಾತ್ರಿಯಲ್ಲಿ ಖರ್ಚು ಮಾಡಿ ಇಳಿಯಬಹುದು. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಕಿರಿಯರು ಈ ಬಗೆಯ ಅಪಾಯದ ದಾರಿಯಲ್ಲಿರುವರೆಂದು ಅದೇ ಸಂಸ್ಥೆ ಎಚ್ಚರಿಸಿದೆ.

ಇದಕ್ಕೆ ಪರಿಹಾರ ದನಿಯನ್ನು ಏರಿಸುವುದಲ್ಲ, ಗದ್ದಲವನ್ನು ಇಳಿಸುವುದು. ಬಿಗಿಯಾಗಿ ಕೂರುವ ಮೆತ್ತೆ ಅರ್ಧ ಕೆಲಸ ಮಾಡುತ್ತದೆ. ಹೊರಗಿನ ಸದ್ದನ್ನು ಸಣ್ಣ ಮೈಕಿನಿಂದ ಕೇಳಿ, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಅಳಿಸಿಹಾಕುವ ಹೆಡ್‌ಫೋನುಗಳೂ ಇಂದು ದೊರೆಯುತ್ತವೆ. ಎಂಜಿನ್ನಿನ ಮೊರೆತದಂತಹ ಏಕಸಮನಾದ ಕೆಳದನಿಯ ಮೇಲೆಯೇ ಅವುಗಳ ಶಕ್ತಿ ಹೆಚ್ಚು. ಮಂದ್ರವನ್ನು ಪ್ರೀತಿಸುವ ಪ್ರಯಾಣಿಕನಿಗೆ ಹೆಚ್ಚಿನ ಹಣ ಸಾರ್ಥಕವಾಗುವುದು ಇಲ್ಲಿ. ಸುತ್ತಲೂ ಅಂಬ್ಲಿಗೊಳದ ಸಂಜೆಯನ್ನು ಒಂದಿಷ್ಟು ಕಟ್ಟಿಕೊಂಡು ಹೋದಂತೆ.

ಕಳೆದುಹೋಗುವುದು ಯಾವುದು?

ಅತಿಯಾದ ಸದ್ದಿನಿಂದ ಕಿವಿ ಕೆಡುವಾಗ ಒಂದು ವಿಚಿತ್ರ ನಡೆಯುತ್ತದೆ. ಮೊದಲು ಕೆಡುವುದು ಮಂದ್ರವನ್ನು ಕೇಳುವ ಶಕ್ತಿಯಲ್ಲ. ಹಾನಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 4000 ಕಂಪನದ ಆಸುಪಾಸಿನ ಎತ್ತರದ ಸ್ವರಗಳಲ್ಲಿ. ಒಳಗಿವಿಯಲ್ಲಿ ಆ ಸ್ವರಗಳನ್ನು ಹಿಡಿಯುವ ಸೂಕ್ಷ್ಮವಾದ ಕೂದಲಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ಡೊಳ್ಳು ಕೇಳುತ್ತಲೇ ಇರುತ್ತದೆ; ಬೇಸ್ ಗಿಟಾರೂ ಕೇಳುತ್ತದೆ. ಕೀಟಗಳ ಚೀರು ತೆಳುವಾಗುತ್ತದೆ. ಮಾತಿನಲ್ಲಿ ಸಕಾರ ತಕಾರಗಳ ಅಂಚು ಸವೆಯುತ್ತದೆ. ಮನೆಯವರು ಮಾತನಾಡಿದ್ದು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ಸೊರಬ ತಾಲ್ಲೂಕಿನ ಗುಡವಿಯ ಪಕ್ಷಿಧಾಮದಲ್ಲಿ ಮರಿಗಳು ತಾಯಿಯನ್ನು ಕರೆಯುವ ತೆಳ್ಳನೆಯ ದನಿಗಳಲ್ಲಿ ಕೆಲವು ಇಲ್ಲವಾಗಿಬಿಡುತ್ತವೆ. ಮಂದ್ರಕ್ಕಾಗಿ ದನಿ ಏರಿಸಿದವನು ತೆರುವ ದಂಡ ತಾರದ್ದು.

ಈ ಲೆಕ್ಕವನ್ನು ಮನೆಯ ಹಿರಿಯರು ಕೋಪದಿಂದಲ್ಲ, ತಿಳುವಳಿಕೆಯಿಂದ ಹೇಳಬೇಕು. ‘ಆ ಗದ್ದಲ ನಿಲ್ಲಿಸು’ ಎಂದರೆ ಮಗ ಬಾಗಿಲು ಹಾಕಿಕೊಂಡಾನು. ‘ಮೆತ್ತೆ ಸರಿಯಾಗಿ ಕೂತಿದೆಯೇ ನೋಡು, ಬೇಸ್ ಹೆಚ್ಚುತ್ತದೆ, ದನಿ ಇಳಿಸಬಹುದು’ ಎಂದರೆ ಬೆರಗಾಗಿ ತಿರುಗಿ ನೋಡಿಯಾನು.

ಹೆಡ್‌ಫೋನಿಗೆ ಒಂದು ಮಿತಿ ಇದ್ದೇ ಇದೆ. ಎಷ್ಟು ಬೆಲೆಯದಾದರೂ ಅದು ಮಂದ್ರವನ್ನು ಕಿವಿಗೆ ಕೊಟ್ಟೀತೇ ಹೊರತು ಎದೆಗೂ ಅಂಗಾಲಿಗೂ ಕೊಡಲಾರದು. ಅದಕ್ಕೆ ಡೊಳ್ಳಿನ ಎದುರಿಗೇ ನಿಲ್ಲಬೇಕು. ಆದರೆ ಡೊಳ್ಳು ಕಟ್ಟುವ ತರುಣರು ಈಗ ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬುದು ಬೇರೆ ಪ್ರಶ್ನೆ. ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಚದುರಿಹೋದ ಡೊಳ್ಳಿನ ಮೇಳವೊಂದರ ಕಥೆಯನ್ನು ಹೇಳಿದ, ಸಾಗರ್ ಪುರಾಣಿಕರ ‘ಡೊಳ್ಳು’ ಚಿತ್ರಕ್ಕೆ 2022ರಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಘೋಷಿತವಾಯಿತು. ಚದುರಿದವರ ಕೊರಳಲ್ಲಿ ಇಂದು ಡೊಳ್ಳಿನ ಬದಲು ಹೆಡ್‌ಫೋನು ತೂಗುತ್ತಿರಬಹುದು. ಅದರಲ್ಲಿ ಅವರು ಹುಡುಕುತ್ತಿರುವುದು ಊರಿನ ದನಿಯನ್ನೇ ಏಕಾಗಿರಬಾರದು?

ಮಳೆಗಾಲ ಮುಗಿಯುವ ಹೊತ್ತಿಗೆ ಅಂಬ್ಲಿಗೊಳದ ಕಡೆಗೆ ಹೋಗುವವರು ಹೆಡ್‌ಫೋನನ್ನು ಮನೆಯಲ್ಲಿ ಬಿಟ್ಟುಹೋಗಬೇಕಾದುದಿಲ್ಲ. ದಾರಿಯಲ್ಲಿ ಬಳ್ಳಿಗಾವಿಯನ್ನು ನೋಡಿ, ತಾಳಗುಂದದ ಕಂಬದ ಮುಂದೆ ಒಂದು ಗಳಿಗೆ ನಿಂತು, ಸಂಜೆ ಏರಿಯ ಬಳಿಗೆ ಬರಲಿ. ಮೊದಲು ಬರಿಗಿವಿಯಿಂದ ನೀರನ್ನೂ ಹಕ್ಕಿಯನ್ನೂ ಕೇಳಲಿ. ಆಮೇಲೆ ಮೆಲುದನಿಯಲ್ಲಿ ತಮಗೆ ಬೇಕಾದ ಹಾಡನ್ನು ಹಾಕಿಕೊಳ್ಳಲಿ. ಮಂದ್ರಕ್ಕೆ ಎಷ್ಟು ಕಡಮೆ ಸದ್ದು ಸಾಕೆಂಬುದು ಅಲ್ಲಿ ತಾನಾಗಿಯೇ ತಿಳಿದುಬರುತ್ತದೆ.